ಹೆಸರು ಬಿಡು, ಹೊಲ ಹಿಡಿ

ಪ್ರಶ್ನೆ: ಇಂಗ್ಲೆಂಡಿನ ಎಲಿಜಬೆತ್ ಡಿ ಕ್ಲೇರ್ ಬಗ್ಗೆ ಸೆಮಿನಾರ್ ಪೇಪರ್ ಬರೆಯುತ್ತಿದ್ದೇನೆ. ಕೆಲವು ಕಡೆ ಅವಳನ್ನು ಎಲಿಜಬೆತ್ ಡಿ ಬರ್ಗ್ ಅಂದಿದ್ದಾರೆ. ಇನ್ನೊಂದು ಕಡೆ ಡಿ ಬರ್ಗ್ ಅಂದರೆ ರಾಜಕುಮಾರ ಲಯನೆಲ್‌ನ ಹೆಂಡತಿ. ಈ ವಂಶವೃಕ್ಷ ಹೇಗೆ ಬಿಡಿಸಲಿ, ಸರ್?
— ಎಂ.ಎ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ತಂಗಿ, ಅವರು ಅಜ್ಜಿ ಮೊಮ್ಮಗಳು. ಅಜ್ಜಿ ಹುಟ್ಟಿದ್ದು 1295ರಲ್ಲಿ, ಕ್ಲೇರ್ ಮನೆತನದಲ್ಲಿ. ತಾಯಿ ಜೋನ್, ಒಂದನೇ ಎಡ್ವರ್ಡ್ ದೊರೆಯ ಮಗಳು. ಮೊದಲ ಗಂಡ ಜಾನ್ ಡಿ ಬರ್ಗ್. ಆಮೇಲೆ ಇನ್ನೆರಡು ಮದುವೆಯಾದರೂ ಡಿ ಬರ್ಗ್ ಹೆಸರು ಉಳಿಯಿತು. ಮೊದಲ ಗಂಡನಿಂದ ಹುಟ್ಟಿದ ಮಗ ವಿಲಿಯಂ ತನ್ನ ಮಗಳಿಗೂ ಎಲಿಜಬೆತ್ ಅಂತಲೇ ಹೆಸರಿಟ್ಟ. ಈ ಮೊಮ್ಮಗಳೇ ಲಯನೆಲ್‌ನ ಹೆಂಡತಿ. ಅಜ್ಜಿ ತೀರಿದ್ದು 1360ರಲ್ಲಿ, ಮೊಮ್ಮಗಳು 1363ರಲ್ಲಿ. ಗಲಿಬಿಲಿ ಆಗದೆ ಇರುತ್ತಾ?

ಅದಕ್ಕೇ ಹೇಳೋದು, ಹೆಸರು ಬಿಡು, ಹೊಲ ಹಿಡಿ. ಇದನ್ನು ನಾನು ಕಲಿತದ್ದು ಆಳಂದ ತಾಲ್ಲೂಕಿನ ನಮ್ಮೂರಲ್ಲಿ. ಸುಗ್ಗಿ ಮುಗಿದ ಮೇಲೆ ಎತ್ತು ಹೊಡಕೊಂಡು ಬಂದ ಹೆಳವರು ನಮ್ಮ ಮನೆಯ ಏಳು ತಲೆಮಾರಿನ ಗಂಡಸರ ಹೆಸರು ಹೇಳಿದರು. ನಮ್ಮಜ್ಜಿಯ ವಿಷಯ ಕೇಳಿದರೆ ತವರೂರಿನ ಹೆಸರು ಮಾತ್ರ ಬಂತು. ಮದುವೆಯಲ್ಲಿ ಅವಳ ಹೆಸರನ್ನೂ ಬದಲಿಸಿದ್ದರು. ಕೊನೆಗೆ ಅವಳು ಸಿಕ್ಕಿದ್ದು ಒಂದು ಪೌತಿ ಖಾತೆ ಕಾಗದದಲ್ಲಿ. ಅಜ್ಜಿಯ ಅಣ್ಣ ಮಕ್ಕಳಿಲ್ಲದೆ ತೀರಿಹೋಗಿದ್ದ. ನಾಲ್ಕು ಎಕರೆ ತೊಗರಿ ಹೊಲ ತಂಗಿಯರ ಪಾಲಿಗೆ ಬರುವಾಗ ಅವಳ ತವರಿನ ಹೆಸರು, ಅಪ್ಪನ ಹೆಸರು ಎರಡೂ ಬರೆದಿದ್ದರು. ನೀರು ಬಿದ್ದು ಶಾಯಿ ಹರಡಿತ್ತು. ಪಕ್ಕದಲ್ಲಿ ಅವಳ ಹೆಬ್ಬೆಟ್ಟು. ನನಗೆ ಗಂಟಲು ಕಟ್ಟಿತು.

ಕ್ಲೇರ್ ಮನೆಯಲ್ಲೂ ಹೀಗೇ ಆಯಿತು. ಅಣ್ಣ ಗಿಲ್ಬರ್ಟ್ 1314ರಲ್ಲಿ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಸತ್ತ. ಅವನ ಹಿಂದೆ ಮಕ್ಕಳಿರಲಿಲ್ಲ. ಆಸ್ತಿ ಎಲಿಯನೋರ್, ಮಾರ್ಗರೆಟ್, ಎಲಿಜಬೆತ್ ಮೂವರು ತಂಗಿಯರಿಗೂ ಹಂಚಿಹೋಯಿತು. ರಾಜನಿಂದ ನೇರವಾಗಿ ಭೂಮಿ ಪಡೆದವರು ಸತ್ತರೆ ಅಧಿಕಾರಿ ಬಂದು ಸುತ್ತಲಿನವರನ್ನು ಕೂಡಿಸಿ, ಪ್ರಮಾಣ ಮಾಡಿಸಿ ಕೇಳುತ್ತಿದ್ದ: ಯಾವ ಭೂಮಿ, ಯಾವತ್ತು ಸತ್ತರು, ವಾರಸುದಾರರು ಯಾರು, ವಯಸ್ಸೆಷ್ಟು? ಈ ದಾಖಲೆಗೆ ಇನ್‌ಕ್ವಿಜಿಷನ್ ಪೋಸ್ಟ್ ಮಾರ್ಟಮ್ ಅಂತಾರೆ. ಹೆಣದ ಪರೀಕ್ಷೆ ಅಲ್ಲ, ನಮ್ಮ ಪೌತಿ ಖಾತೆಯ ಅಕ್ಕನೇ ಅನ್ನು. ವಯಸ್ಸು ಮಾತ್ರ ಅಂದಾಜಿನದು ಜಾಸ್ತಿ, ಅದನ್ನೇ ನಂಬಿ ಹುಟ್ಟಿದ ವರ್ಷ ಬರೆಯಬೇಡ.

ಮೊದಲು ಗಿಲ್ಬರ್ಟ್ ಸತ್ತಾಗಿನದು ಓದು, ಆಮೇಲೆ 1360ರದು. ಅಜ್ಜಿಯ ಕ್ಲೇರ್ ಆಸ್ತಿ ಮೊಮ್ಮಗಳ ಕೈಗೆ ಬಂತು, ಅವಳಿಂದ ಲಯನೆಲ್‌ಗೆ. 1362ರಲ್ಲಿ ಅವನು ಕ್ಲಾರೆನ್ಸಿನ ಡ್ಯೂಕ್ ಆದ. ಆ ಬಿರುದಿನೊಳಗೆ ಕೂತಿರೋದು ಅಜ್ಜಿಯ ತವರಿನ ಹೆಸರು.