ಎರೆ ಹೊಲದಲ್ಲಿ ಬೆಂಕಿ ಹಾಕಿ ಮಣ್ಣು ಮುಚ್ಚಿ ಬರಬೇಡಿ

ತಮ್ಮಾ, ಆಲಮಟ್ಟಿ ಹಿನ್ನೀರಿನ ದಂಡೆಯ ನಿನ್ನ ಫೋಟೋ ನೋಡಿದೆ. ಜೋಳ ಕಟಾವಾದ ಹೊಲ, ಡೇರೆ, ಮುಂದೆ ಬೆಂಕಿ. ಕೆಳಗೆ 'ಸ್ವೀಡನ್‌ನಲ್ಲಿ ಎಲ್ಲಿ ಬೇಕಾದರೂ ಮಲಗಬಹುದು, ನಮ್ಮಲ್ಲೂ ಹಾಗೇ, ಬೆಳಿಗ್ಗೆ ಮಣ್ಣು ಎಳೆದು ಬಂದೆವು' ಅಂತ ಬರೆದಿದ್ದೀಯ. ಓದಿ ಎದೆ ಧಸಕ್ಕೆಂದಿತು.

ಬೀಳಗಿ ಕಡೆ ನಾನೂ ಇದನ್ನೇ ಮಾಡಿದ್ದೆ. ಫೆಬ್ರುವರಿ ಕೊನೆ, ಎರೆ ಭೂಮಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿತ್ತು. ಕೆಂಡ ಆ ಬಿರುಕಿಗೆ ಜಾರಿದ್ದು ಕಾಣಲಿಲ್ಲ, ಮೇಲೆ ಮಣ್ಣು ಎಳೆದೆ, ಹೊಗೆ ನಿಂತಿತು ಅಂತ ಬೈಕ್ ಹತ್ತಿದೆ. ಒಳಗೆ ಒಣ ಕೂಳೆ ಸದ್ದಿಲ್ಲದೆ ಸುಡುತ್ತಾ ಇತ್ತು. ಮಧ್ಯಾಹ್ನ ಗಾಳಿ ಎದ್ದಾಗ ಬದುವಿನ ಹುಲ್ಲು ಹಿಡಿದು ಪಕ್ಕದವರ ಕಣಿಕೆ ಬಣವೆಗೇ ಹೋಯಿತು. ಎರಡು ಎತ್ತು, ಒಂದು ಎಮ್ಮೆಯ ವರ್ಷದ ಮೇವು. ದುಡ್ಡು ಕೊಟ್ಟೆ, ಆದರೆ ಆ ಬೇಸಿಗೆ ದುಡ್ಡು ಕೊಟ್ಟರೂ ಕಣಿಕೆ ಸಿಗಲಿಲ್ಲ. ಆ ಮನೆಯ ಅಜ್ಜಿ ಬೈಯಲೂ ಇಲ್ಲ. 'ಕೇಳಿದ್ದರೆ ಜಾಗ ತೋರಿಸ್ತಿದ್ದೆವಲ್ಲ' ಅಂದರು.

ಸ್ವೀಡನ್ ಮಾತು ಇಲ್ಲಿ ನಡೆಯಲ್ಲ. ಅಲ್ಲಿ ಯಾರು ಬೇಕಾದರೂ ನಿಸರ್ಗದಲ್ಲಿ ಓಡಾಡುವ ಹಕ್ಕು ಸಂವಿಧಾನದಲ್ಲೇ ಇದೆ, ಅಲ್ಲೂ ಬೆಳೆ ನಿಂತ ಹೊಲ ತುಳಿಯುವಂತಿಲ್ಲ. ನಮ್ಮಲ್ಲಿ ಅಂಥ ಕಾನೂನೇ ಇಲ್ಲ. ಹೊಲ ಅಂದರೆ ಹೊಲದವರನ್ನು ಕೇಳಬೇಕು, ಖಾಲಿ ಕಂಡರೂ ಸರಿ. ಅಭಯಾರಣ್ಯ ಅಂದರೆ ಅರಣ್ಯ ಇಲಾಖೆಯ ಪರವಾನಗಿ. ಭೀಮಗಡ 2011ರಿಂದ ಅಭಯಾರಣ್ಯ, ಇತ್ತ ಬೀಳಗಿ ಕಡೆಯ ಯಡಹಳ್ಳಿಯ ಚಿಂಕಾರ (ಒಂದು ಜಾತಿಯ ಜಿಂಕೆ) ಕಾಡೂ ಈಗ ಅಭಯಾರಣ್ಯವೇ. 1972ರ ವನ್ಯಜೀವಿ ಕಾಯ್ದೆಯಲ್ಲಿ ಒಳಗೆ ಹೋಗೋದಕ್ಕೂ ಬೆಂಕಿಗೂ ಕಲಮುಗಳಿವೆ. ಊರಿನವರು ಸುಮ್ನಿದ್ದರು ಅನ್ನೋದು ಒಪ್ಪಿಗೆ ಅಲ್ಲ.

ಈಗ ನಾನು ನೆಲದ ಮೇಲೆ ಬೆಂಕಿ ಹಾಕೋದೇ ಇಲ್ಲ. ಗೌಂಡಿಗಳು ಸಿಮೆಂಟ್ ಹೊರುವ ಕಬ್ಬಿಣದ ಬುಟ್ಟಿ, ಕೆಳಗೆ ಮೂರು ಕಲ್ಲು. ಮುಗಿದ ಮೇಲೆ ನೀರು ಸುರಿ, ಕೋಲಿನಿಂದ ಕಲಕು, ಮತ್ತೆ ಸುರಿ, ಅಂಗೈ ಹಿಂಭಾಗ ಹತ್ತಿರ ಹಿಡಿದು ನೋಡು. ಬೆಚ್ಚಗಿದ್ದರೆ ಆರಿಲ್ಲ. ಮಣ್ಣು ಕೆಂಡವನ್ನು ಆರಿಸಲ್ಲ, ಕಾಪಾಡುತ್ತದೆ. ಗಾಳಿ ಇದ್ದರೆ ಬುಟ್ಟಿಯೂ ಬೇಡ, ಮಾರ್ಚ್‌ನಿಂದ ಮಳೆ ಬರೋವರೆಗೂ ಬೇಡ, ಸಣ್ಣ ಗ್ಯಾಸ್ ಒಲೆ ಸಾಕು, ಅದೂ ಡೇರೆ ಒಳಗಲ್ಲ. ಡೆಕಾಥ್ಲಾನ್ ಡೇರೆ ಈ ಕೆಲಸಕ್ಕೆ ಧಾರಾಳ, ಜಾಸ್ತಿ ಬೆಲೆಯದು ಬೇಕಿಲ್ಲ. ಆದರೆ ಒಂದು ಕಿಡಿಗೆ ತೂತು, ದೂರ ಹಾಕು.

ಫೋಟೋದಲ್ಲಿ ಗಾಜಿನ ಬಾಟಲಿಯೂ ಕಂಡಿತು. ಆ ದಂಡೆಗೆ ಎಮ್ಮೆ ನೀರಿಗಿಳಿಯುತ್ತವೆ, ಚೂರು ಕೆಸರಲ್ಲಿ ಕಾಣಲ್ಲ. ಆ ನೀರಿನಲ್ಲಿ ಸೋಪು ಹಾಕಿ ಪಾತ್ರೆ ತೊಳೆಯಬೇಡ, ಬಕೆಟ್‌ನಲ್ಲಿ ದೂರ ಒಯ್ದು ತೊಳಿ. ಅಣೆಕಟ್ಟಿನ ಕೆಳಗೆ ಹೊಳೆಯ ಮರಳಿನ ಮೇಲೆ ಮಲಗೋದೂ ಬೇಡ, ಗೇಟ್ ಎತ್ತಿದರೆ ರಾತ್ರಿಯೇ ನೀರು ಏರುತ್ತದೆ.

ಇವತ್ತೇ ಆ ಜಾಗಕ್ಕೆ ವಾಪಸ್ ಹೋಗು. ಎರಡು ಕೊಡ ನೀರು ಒಯ್ಯಿ, ಬಿರುಕುಗಳಿಗೂ ಸುರಿ. ಹೊಲದವರು ಸಿಕ್ಕರೆ ನಡೆದದ್ದು ಹೇಳು.