ಒಳಜೇಬಿನ ಗುಂಡಿ

(ದೀಪಾವಳಿಯ ರಾತ್ರಿ 5 ಸಾವಿರ ಹಿಡಿದು ಅಂದರ್-ಬಾಹರ್‌ಗೆ ಕುಳಿತ ತಮ್ಮ ಭಾವ ನಡುರಾತ್ರಿಗೆ 80 ಸಾವಿರ ಮಾಡಿಕೊಂಡು, ಬೆಳಗಾಗುವಷ್ಟರಲ್ಲಿ ಬಸ್ ಚಾರ್ಜಿಗೂ ಕೈಚಾಚಿದರೆಂದು ತರೀಕೆರೆಯ ಓದುಗರೊಬ್ಬರು ಬರೆದಿದ್ದಾರೆ. "ಗೆದ್ದಾಗಲೇ ಎದ್ದು ಬರಲು ಏನು ಧಾಡಿ?" ಎಂಬುದು ಅವರ ಪ್ರಶ್ನೆ.)

ಉತ್ತರ ನಿಮ್ಮ ಪತ್ರದಲ್ಲೇ ಇದೆ. ಗೆಲ್ಲತೊಡಗಿದ ಕೂಡಲೇ ಭಾವನವರು ಮನೆಯಿಂದ ತಂದ 5 ಸಾವಿರವನ್ನು ಒಳಜೇಬಿಗೆ ಸೇರಿಸಿ ಗುಂಡಿ ಹಾಕಿಕೊಂಡರು, ಗೆದ್ದ ನೋಟುಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು ಎಂದಿದ್ದೀರಿ. ಜೇಬಿನದು ಅಡಿಕೆ ಮಾರಿದ ದುಡ್ಡು. ತೊಡೆಯ ಕೆಳಗಿನದು ಅವರ ಮನಸ್ಸಿನಲ್ಲಿ ಇನ್ನೂ ಎದುರು ಕುಳಿತವರ ದುಡ್ಡೇ. ಹೋದರೆ ಅವರದು ಹೋಯಿತು! ಈಗಷ್ಟೇ ಗೆದ್ದವರು ಇನ್ನೂ ದೊಡ್ಡ ಪಣಕ್ಕೆ ಕೈಹಾಕುವುದನ್ನು ರಿಚರ್ಡ್ ಥೇಲರ್ ಮತ್ತು ಎರಿಕ್ ಜಾನ್ಸನ್ 1990ರ ಪ್ರಬಂಧದಲ್ಲಿ ತೋರಿಸಿದ್ದಾರೆ. ಥೇಲರ್ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು.

ಇನ್ನೊಂದು ಸಂಗತಿ. 5 ಸಾವಿರ 80 ಆಗಬೇಕಾದರೆ ನಾಲ್ಕು ಸಲ ಬೆನ್ನುಬೆನ್ನಿಗೆ ದುಪ್ಪಟ್ಟಾಗಬೇಕು. ಹೆಚ್ಚುಕಡಿಮೆ ಸರಿಪಾಲಿನ ಆಟದಲ್ಲಿ ಹದಿನಾರು ಜನರಲ್ಲಿ ಒಬ್ಬರಿಗೆ ಅದು ಆಗಿಯೇ ಆಗುತ್ತದೆ ಎನ್ನಬಹುದು. ಆದರೆ ಆ ಒಬ್ಬರಿಗೆ ಅದು ಲೆಕ್ಕವಾಗಿ ಕಾಣುವುದಿಲ್ಲ, ತಮ್ಮ ಕೈಗುಣವಾಗಿ ಕಾಣುತ್ತದೆ.

ಆಮೇಲೆ 80 ಇದ್ದದ್ದು 50ಕ್ಕಿಳಿಯಿತು. ಆಗಲೂ 45 ಸಾವಿರ ಲಾಭವೇ. ಆದರೆ ಭಾವನವರು ಎಣಿಸುತ್ತಿದ್ದದ್ದು 80ರಿಂದ ಕೆಳಕ್ಕೆ, "ಮೂವತ್ತು ಹೋಯಿತಲ್ಲ" ಎಂದು. ಕಳೆದದ್ದು ಸರಿಹೋಗುವವರೆಗೆ ಏಳುವುದಿಲ್ಲ ಎಂಬ ಹಟ ಹುಟ್ಟುವುದು ಅಲ್ಲಿಯೇ. ನಾಲ್ಕು ಗಂಟೆಗೆ ಒಳಜೇಬಿನ ಗುಂಡಿಯನ್ನೂ ಬಿಚ್ಚಿಸಿದ್ದು ಆ ಹಟ.

ಅಲ್ಲದೆ, ಗೆದ್ದವರು ಏಳಹೊರಟರೆ ಸೋತವರು ಬಿಡುತ್ತಾರೆಯೇ? "ನಮ್ಮ ದುಡ್ಡು ಕಟ್ಟಿಕೊಂಡು ಹೊರಟೆಯಾ?" ಎಂಬ ಒಂದು ಮಾತಿಗೆ ಎಂಥವರೂ ಮತ್ತೆ ಕೂರುತ್ತಾರೆ.

ಧರ್ಮರಾಯನ ಹೆಸರೆತ್ತಿದ್ದೀರಿ. ಆತ ಒಮ್ಮೆಯೂ ಗೆಲ್ಲಲಿಲ್ಲ, ಹಾಗಾಗಿ ಹೋಲಿಕೆ ಪೂರ್ತಿ ಕೂಡಿಬರದು. ಆದರೆ ಎರಡನೆಯ ಜೂಜನ್ನು ನೆನೆಯಿರಿ. ಮೊದಲ ಆಟದಲ್ಲಿ ಸೋತದ್ದನ್ನೆಲ್ಲ ಧೃತರಾಷ್ಟ್ರ ಮರಳಿಸಿದ್ದ. ಇಂದ್ರಪ್ರಸ್ಥದ ದಾರಿ ಹಿಡಿದವನನ್ನು ಮತ್ತೆ ಕರೆದರೆ ಆತ ತಿರುಗಿ ಬಂದ. ಪುಕ್ಕಟೆ ಮರಳಿದ ರಾಜ್ಯವೂ ತೊಡೆಯ ಕೆಳಗಿನ ನೋಟಿನಂತೆಯೇ ಕಂಡಿತೋ ಏನೋ.

ಮುಂದಿನ ದೀಪಾವಳಿಗೆ ಎಷ್ಟು ಗೆದ್ದಾಗ ಎಬ್ಬಿಸಿಕೊಂಡು ಬರಲಿ ಎಂದೂ ಕೇಳಿದ್ದೀರಿ. ಎಬ್ಬಿಸುವುದು ನಿಮ್ಮಿಂದಾಗದು, ಕೂರುವ ಮೊದಲೇ ಹಬ್ಬದ ಊಟಕ್ಕೆ ನಿಮ್ಮ ಮನೆಗೆ ಕರೆದುಕೊಂಡು ಬನ್ನಿ. ಅಂದ ಹಾಗೆ, ಬಸ್ ಚಾರ್ಜು ಕೊಟ್ಟವರು ನೀವೇ ತಾನೆ? ವಾಪಸು ಬಂದಿತೇ, ತಿಳಿಸಿ.

— ಸಂ.