ಸಮವಸ್ತ್ರ ಒಂದೇ, ಸಂಬಳ ಕೊಡುವವರು ಬೇರೆ

ಓದುಗರ ಪತ್ರ (ಸಂಕ್ಷಿಪ್ತವಾಗಿ): “ಅಮೆರಿಕದ ಪ್ರಾದೇಶಿಕ ವಿಮಾನ ಕಂಪನಿಗಳ ಪೈಲಟ್‌ಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಗಂಟೆಗೆ 25 ಡಾಲರ್ ಪಡೆಯುತ್ತಿದ್ದವರನ್ನು ಬಡಪಾಯಿಗಳೆಂದು ಬಣ್ಣಿಸಿದ್ದೀರಿ. ಅದೇನು ಸಣ್ಣ ಮೊತ್ತವೇ? ಒಲ್ಲದವರು ಬಿಟ್ಟು ಬೇರೆ ಕಂಪನಿ ಸೇರಬಹುದಿತ್ತು. 2022ರಲ್ಲಿ ಸಂಬಳ ಏರಿತೆಂದು ನಿಮ್ಮ ಲೇಖನವೇ ಹೇಳುತ್ತದೆ, ಅಂದರೆ ಮಾರುಕಟ್ಟೆ ತನ್ನನ್ನು ತಾನೇ ಸರಿಪಡಿಸಿಕೊಂಡಿತು. ಹಾಗಿರುವಾಗ 2009ರ ಬಫಲೋ ವಿಮಾನ ದುರಂತವನ್ನು ಮತ್ತೆ ಕೆದಕಿ ಪ್ರಯಾಣಿಕರನ್ನು ಹೆದರಿಸುವುದೇಕೆ? ಅಂಥ ವಿಮಾನ ಹತ್ತಲೇಬಾರದು ಎನ್ನುತ್ತೀರಾ?”

ಸಂಪಾದಕರ ಉತ್ತರ:

25 ಡಾಲರ್‌ನಿಂದಲೇ ಶುರು ಮಾಡೋಣ, ಏಕೆಂದರೆ ಬಹಳ ಜನ ಎಡವುವುದು ಅಲ್ಲೇ. ಪೈಲಟ್‌ನ ಗಂಟೆ ಶುರುವಾಗುವುದು ವಿಮಾನ ಗೇಟಿನಿಂದ ಕದಲಿದಾಗ, ಮುಗಿಯುವುದು ಇನ್ನೊಂದು ಊರಿನ ಗೇಟಿಗೆ ಬಂದು ನಿಂತಾಗ. ಅದಕ್ಕೆ ಮುಂಚೆ ಹವಾಮಾನ ವರದಿ ಓದುವುದು, ವಿಮಾನದ ಸುತ್ತ ನಡೆದು ತಪಾಸಣೆ ಮಾಡುವುದು, ಇಂಧನದ ಲೆಕ್ಕ ನೋಡುವುದು ಆ ಗಂಟೆಯೊಳಗೆ ಬರುವುದಿಲ್ಲ. ಒಂದು ಹಾರಾಟ ಮುಗಿದು ಮುಂದಿನದಕ್ಕೆ ಮೂರು ತಾಸು ಕಾದರೆ ಅದೂ ಇಲ್ಲ. ಆ ಹೊತ್ತಿಗೆಲ್ಲ ಸಿಗುತ್ತಿದ್ದುದು ಊಟದ ಖರ್ಚಿಗೆಂದು ಕೊಡುವ ಸಣ್ಣ ಭತ್ಯೆ. ತಿಂಗಳಿಗೆ ಸುಮಾರು 75 ಗಂಟೆಯ ಸಂಬಳ ಖಾತ್ರಿ ಎಂದು ಒಪ್ಪಂದಗಳಲ್ಲಿ ಇರುತ್ತದೆ. ನೀವೇ ಗುಣಿಸಿ ನೋಡಿ: ವರ್ಷಕ್ಕೆ 900 ಗಂಟೆ, ಗಂಟೆಗೆ 25 ಡಾಲರ್, ಒಟ್ಟು 22,500 ಡಾಲರ್. ಹೆಚ್ಚು ಹಾರಿ ಹೆಚ್ಚು ಗಳಿಸೋಣವೆಂದರೆ ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರಲು ಕಾನೂನು ಬಿಡುವುದಿಲ್ಲ. ತರಬೇತಿಗೆ ಮಾಡಿದ ಸಾಲದ ಕಂತು ಕಟ್ಟುವುದೂ ಇದೇ ಹಣದಲ್ಲಿ. ಹಲವರ ಸಾಲ ಲಕ್ಷ ಡಾಲರ್ ಮುಟ್ಟಿರುತ್ತಿತ್ತು.

ಇನ್ನು ‘ಬಿಟ್ಟು ಬೇರೆ ಕಂಪನಿ ಸೇರಬಹುದಿತ್ತು’ ಎಂಬ ಮಾತು. ಇದಕ್ಕೆ ತುಸು ದೀರ್ಘವಾಗಿಯೇ ಉತ್ತರಿಸಬೇಕು. ಎಂಜಿನಿಯರ್ ಆಗಲಿ ವೈದ್ಯರಾಗಲಿ ಹತ್ತು ವರ್ಷದ ಅನುಭವದೊಂದಿಗೆ ಹೊಸ ಕಡೆ ಹೋದರೆ ಆ ಹತ್ತು ವರ್ಷಕ್ಕೆ ಬೆಲೆ ಕಟ್ಟುತ್ತಾರೆ. ಅಮೆರಿಕದ ವಿಮಾನ ಕಂಪನಿಗಳಲ್ಲಿ ಎಲ್ಲವೂ ನಡೆಯುವುದು ಸೀನಿಯಾರಿಟಿ ಪಟ್ಟಿಯ ಮೇಲೆ: ಸಂಬಳ, ಯಾವ ವಿಮಾನ, ಯಾವ ಊರಿನ ನೆಲೆ, ಯಾವ ದಿನ ರಜೆ, ಕ್ಯಾಪ್ಟನ್ ಆಗುವುದು ಯಾವಾಗ, ಎಲ್ಲವೂ. ಈ ಪಟ್ಟಿ ಆಯಾ ಕಂಪನಿಯದ್ದು. ಬೇರೆ ಕಂಪನಿಗೆ ಹೋದ ದಿನ ನೀವು ಅಲ್ಲಿನ ಪಟ್ಟಿಯ ಕೊನೆಯ ಹೆಸರು. ಹದಿನೈದು ವರ್ಷ ಹಾರಿಸಿದ ಕ್ಯಾಪ್ಟನ್‌ ಇನ್ನೊಂದು ಕಂಪನಿಯಲ್ಲಿ ಬಲಗಡೆಯ ಸೀಟಿನಲ್ಲಿ ಕೂತು ಮೊದಲ ವರ್ಷದ ಸಹಪೈಲಟ್‌ನ ಸಂಬಳದಿಂದ ಶುರು ಮಾಡಬೇಕು. ಸಿನ್ಸಿನಾಟಿ ಬಳಿಯ ಪ್ರಾದೇಶಿಕ ಕಂಪನಿ ಕೊಮ್‌ಏರ್ 2012ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದಾಗ ಅಲ್ಲಿನ ಪೈಲಟ್‌ಗಳ ಮುಂದೆ ಇದ್ದದ್ದು ಈ ದಾರಿಯೇ. ಅದೇ ಕೊಮ್‌ಏರ್ ಪೈಲಟ್‌ಗಳು 2001ರಲ್ಲಿ 89 ದಿನ ಮುಷ್ಕರ ಹೂಡಿ ಒಳ್ಳೆಯ ಒಪ್ಪಂದ ಗಿಟ್ಟಿಸಿಕೊಂಡಿದ್ದರು. ಆಮೇಲೆ ಹಾರಾಟದ ಗುತ್ತಿಗೆ ಅಗ್ಗದ ಕಂಪನಿಗಳ ಕಡೆ ಹರಿಯಿತು.

ಗುತ್ತಿಗೆ ಎಂದೆ. ನನ್ನ ತಕರಾರಿನ ತಿರುಳು ಇರುವುದು ಅಲ್ಲಿ. ಟಿಕೆಟ್ ಮಾರುವುದು ಡೆಲ್ಟಾ, ಯುನೈಟೆಡ್ ಅಥವಾ ಅಮೆರಿಕನ್. ವಿಮಾನಕ್ಕೆ ಬಳಿದಿರುವ ಬಣ್ಣವೂ ಅವರದೇ. ಎಷ್ಟು ಗಂಟೆಗೆ ಎಲ್ಲಿಗೆ ಹೋಗಬೇಕು, ದರ ಎಷ್ಟು ಎಂದು ತೀರ್ಮಾನಿಸುವವರೂ ಅವರೇ. ಹಾರಿಸುವುದು ಮಾತ್ರ ಸ್ಕೈವೆಸ್ಟ್, ರಿಪಬ್ಲಿಕ್‌ನಂಥ ಇನ್ನೊಂದು ಕಂಪನಿ. ದೊಡ್ಡ ಕಂಪನಿ ಅದಕ್ಕೆ ಪ್ರತಿ ಹಾರಾಟಕ್ಕೆ ಇಷ್ಟು ಎಂದು ನಿಗದಿತ ಹಣ ಕೊಡುತ್ತದೆ. ಅನೇಕ ಒಪ್ಪಂದಗಳಲ್ಲಿ ಇಂಧನದ ಖರ್ಚನ್ನೂ ದೊಡ್ಡ ಕಂಪನಿಯೇ ಹೊರುತ್ತದೆ. ಹೀಗಿರುವಾಗ ಸಣ್ಣ ಕಂಪನಿ ಲಾಭ ಹೆಚ್ಚಿಸಿಕೊಳ್ಳುವುದು ಎಲ್ಲಿಂದ? ಟಿಕೆಟ್ ದರ ಕೈಯಲ್ಲಿಲ್ಲ, ಎಣ್ಣೆಯ ಬೆಲೆಯೂ ಕೈಯಲ್ಲಿಲ್ಲ. ಕೈಗೆ ಸಿಗುವ ದೊಡ್ಡ ಖರ್ಚೆಂದರೆ ಸಿಬ್ಬಂದಿಯ ಸಂಬಳ. ಗುತ್ತಿಗೆ ನವೀಕರಣದ ಹೊತ್ತಿಗೆ ‘ನಿಮಗಿಂತ ಕಡಿಮೆಗೆ ಹಾರಿಸುವವರಿದ್ದಾರೆ’ ಎಂಬ ಒಂದು ಮಾತು ಸಾಕಾಗುತ್ತಿತ್ತು. ನಿಮ್ಮ ಪತ್ರದಲ್ಲಿ ಹೇಳುವ ಮಾರುಕಟ್ಟೆ ಇದ್ದದ್ದು ಗುತ್ತಿಗೆದಾರರ ನಡುವೆ. ಪೈಲಟ್‌ನ ಕೈಯಲ್ಲಿ ಅದರ ಯಾವ ತುದಿಯೂ ಇರಲಿಲ್ಲ.

ಇದರಲ್ಲಿ ಪೈಲಟ್‌ ಸಂಘದ ಪಾಲೂ ಇದೆ ಎಂದರೆ ಕೆಲವರಿಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ. ದೊಡ್ಡ ಕಂಪನಿಗಳ ಪೈಲಟ್‌ಗಳು ತಮ್ಮ ಒಪ್ಪಂದದಲ್ಲಿ ‘ಸ್ಕೋಪ್’ ಎಂಬ ಷರತ್ತು ಹಾಕಿಸಿಕೊಂಡರು: ಇಂತಿಷ್ಟು ಸೀಟಿಗಿಂತ ದೊಡ್ಡ ವಿಮಾನವನ್ನು ಹೊರಗುತ್ತಿಗೆಗೆ ಕೊಡಕೂಡದು. ಈಗಿನ ಸಾಮಾನ್ಯ ಮಿತಿ 76 ಸೀಟು. ಎಂಬ್ರಾಯರ್ 175ರಲ್ಲಿ 88 ಸೀಟು ಹಾಕಲು ಜಾಗವಿದ್ದರೂ ಅಮೆರಿಕದಲ್ಲಿ 76 ಸೀಟಿನದೇ ಹೆಚ್ಚು ಕಾಣುವುದು ಈ ಕಾರಣಕ್ಕೆ. ತಮ್ಮ ಕೆಲಸ ಉಳಿಸಿಕೊಳ್ಳಲು ಹಾಕಿದ ಬೇಲಿ ಅದು, ತಪ್ಪೆನ್ನಲಾರೆ. ಆದರೆ ಬೇಲಿಯಾಚೆ ಸಣ್ಣ ವಿಮಾನ ಹಾರಿಸುವವರಿಗೆ ಎಷ್ಟು ಸಿಗುತ್ತದೆ ಎಂಬುದು ಬಹಳ ಕಾಲ ಬೇರೆಯವರ ಸಮಸ್ಯೆಯಾಗಿಯೇ ಉಳಿಯಿತು. 2009ರ ಸುಮಾರಿಗೆ ದೇಶದೊಳಗಿನ ಹಾರಾಟಗಳಲ್ಲಿ ಹೆಚ್ಚುಕಡಿಮೆ ಅರ್ಧ ಈ ಬೇಲಿಯಾಚೆಯವು.

ಬಫಲೋ ವಿಷಯಕ್ಕೆ ಬರುತ್ತೇನೆ. 2009ರ ಫೆಬ್ರವರಿ 12ರ ರಾತ್ರಿ ನೆವಾರ್ಕ್‌ನಿಂದ ಹೊರಟ, ಕಾಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪನಿಯ 3407 ವಿಮಾನ, ಬಫಲೋ ಸಮೀಪ ಮನೆಯೊಂದರ ಮೇಲೆ ಬಿದ್ದು 50 ಜನ ಸತ್ತರು. ಟಿಕೆಟ್ ಮೇಲೆ ಇದ್ದ ಹೆಸರು ಆಗಿನ ದೊಡ್ಡ ಕಂಪನಿ ಕಾಂಟಿನೆಂಟಲ್‌ನದು. ನೀವು ಹೇಳುವುದರಲ್ಲಿ ಒಂದು ನ್ಯಾಯವಿದೆ: ಕಡಿಮೆ ಸಂಬಳದಿಂದ ಆ ವಿಮಾನ ಬಿತ್ತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ವೇಗ ತೀರಾ ಇಳಿದಾಗ ಬಂದ ಎಚ್ಚರಿಕೆಗೆ ಕ್ಯಾಪ್ಟನ್ ತದ್ವಿರುದ್ಧವಾಗಿ ಪ್ರತಿಕ್ರಿಯಿಸಿದ್ದೇ ಕಾರಣ ಎಂದು ತನಿಖಾ ಮಂಡಳಿ ತೀರ್ಮಾನಿಸಿತು. ಇಬ್ಬರೂ ಬಳಲಿದ್ದಿರಬಹುದು, ಆದರೆ ಅದರ ಪ್ರಭಾವ ಎಷ್ಟೆಂದು ಅಳೆಯಲಾಗದು ಎಂದಿತು. ಮಂಡಳಿಯ ಅಧ್ಯಕ್ಷೆ ಡೆಬೊರಾ ಹರ್ಸ್‌ಮನ್ ಮಾತ್ರ ಬಳಲಿಕೆಯನ್ನೂ ಕಾರಣಗಳ ಸಾಲಿಗೆ ಸೇರಿಸಬೇಕಿತ್ತು ಎಂದು ಪ್ರತ್ಯೇಕವಾಗಿ ಬರೆದರು. ನನಗೆ ಅವರ ಮಾತು ಸರಿ ಎನಿಸುತ್ತದೆ.

ಏಕೆಂದರೆ ಆ ಹಿಂದಿನ ರಾತ್ರಿಯನ್ನು ನೋಡಿ. ಕ್ಯಾಪ್ಟನ್ ನೆವಾರ್ಕ್‌ನ ಸಿಬ್ಬಂದಿ ಕೊಠಡಿಯಲ್ಲೇ ರಾತ್ರಿ ಕಳೆದರು. 24 ವರ್ಷದ ಸಹಪೈಲಟ್ ಸಿಯಾಟಲ್ ಹತ್ತಿರದ ಹೆತ್ತವರ ಮನೆಯಿಂದ ಹೊರಟು, ಸರಕು ವಿಮಾನದಲ್ಲಿ ಮೆಂಫಿಸ್‌ ಮೂಲಕ ರಾತ್ರಿಯಿಡೀ ಪ್ರಯಾಣಿಸಿ ನೆವಾರ್ಕ್ ತಲುಪಿದ್ದರು. ನೆಗಡಿಯೂ ಇತ್ತು. ಅವರ ವಾರ್ಷಿಕ ಸಂಬಳ ಸುಮಾರು 16,000 ಡಾಲರ್ ಎಂದು ವಿಚಾರಣೆಯಲ್ಲಿ ಚರ್ಚೆಯಾಯಿತು, ಕಂಪನಿ ಅದಕ್ಕಿಂತ ಹೆಚ್ಚೆಂದು ಹೇಳಿತು. ಹೆಚ್ಚೇ ಇರಲಿ, ನೆವಾರ್ಕ್ ಸುತ್ತಮುತ್ತ ಮನೆ ಬಾಡಿಗೆ ಕೊಟ್ಟು ಬದುಕುವಷ್ಟು ಅದಲ್ಲ. ಇದು ಒಬ್ಬರ ಪಾಡೂ ಆಗಿರಲಿಲ್ಲ: ನೆವಾರ್ಕ್ ನೆಲೆಯ 137 ಕಾಲ್ಗನ್ ಪೈಲಟ್‌ಗಳಲ್ಲಿ 93 ಮಂದಿ ತಾವು ದೂರದೂರಿನಿಂದ ಬಂದುಹೋಗುವವರು ಎಂದಿದ್ದರು. ಕೆಲವರು ಸೇರಿ ಒಂದು ಮನೆ ಹಿಡಿದು, ಸಾಲಾಗಿ ಅಟ್ಟದ ಮಂಚ ಹಾಕಿಕೊಂಡು ಸರದಿಯಲ್ಲಿ ಮಲಗುತ್ತಾರೆ. ‘ಕ್ರ್ಯಾಶ್ ಪ್ಯಾಡ್’ ಎನ್ನುವುದು ಅದಕ್ಕೇ. ಅದಕ್ಕೂ ಹಣ ಬೇಕು. ಕೆಲಸಕ್ಕೆ ಬರುವ ಪ್ರಯಾಣ ನಿಮ್ಮ ಖಾಸಗಿ ವಿಷಯ, ಬರುವಾಗ ವಿಶ್ರಾಂತಿ ಪಡೆದೇ ಬನ್ನಿ ಎಂಬುದು ಕಂಪನಿಗಳ ನಿಲುವು.

ದೊಡ್ಡ ಕಂಪನಿಗಳಲ್ಲಿ ಎಲ್ಲ ಚೆನ್ನಾಗಿತ್ತು ಎಂದೂ ಅಲ್ಲ. ಅದೇ ವರ್ಷ ಜನವರಿಯಲ್ಲಿ ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿದ ಕ್ಯಾಪ್ಟನ್ ಸಲೆನ್‌ಬರ್ಗರ್, ತನ್ನ ಸಂಬಳ ಶೇ 40ರಷ್ಟು ಕಡಿತವಾಗಿದೆ, ಪಿಂಚಣಿಯೂ ಹೋಯಿತು ಎಂದು ಫೆಬ್ರವರಿಯಲ್ಲಿ ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. ದೇಶವೇ ತಲೆಯ ಮೇಲೆ ಹೊತ್ತಿದ್ದವರ ಸ್ಥಿತಿ ಅದು.

ಬಫಲೋದಲ್ಲಿ ಸತ್ತವರ ಕುಟುಂಬದವರು ಪಟ್ಟು ಹಿಡಿದು ವಾಷಿಂಗ್ಟನ್‌ಗೆ ಅಲೆದ ಫಲವಾಗಿ 2010ರ ಆಗಸ್ಟ್‌ನಲ್ಲಿ ಕಾನೂನು ಬಂತು. ಅದರಡಿ ವಿಶ್ರಾಂತಿಯ ಹೊಸ ನಿಯಮ 2014ರ ಜನವರಿಯಲ್ಲಿ ಜಾರಿಯಾಯಿತು: ಕೆಲಸಕ್ಕೆ ಮುನ್ನ 10 ಗಂಟೆ ಬಿಡುವು, ಅದರಲ್ಲಿ 8 ಗಂಟೆ ಅಡೆತಡೆಯಿಲ್ಲದೆ ಮಲಗಲು ಅವಕಾಶ. (ಸರಕು ವಿಮಾನಗಳನ್ನು ಹೊರಗಿಟ್ಟರು. ನಿದ್ದೆಗೆ ಪೆಟ್ಟಿಗೆಗಳ ಪೈಲಟ್ ಬೇರೆ, ಜನರ ಪೈಲಟ್ ಬೇರೆ ಎಂಬ ಲೆಕ್ಕ ಹೇಗೆ ಬಂತೋ.) ಸಹಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಹಾರಿದ ಅನುಭವ ಬೇಕೆಂದಾಯಿತು. 3407ರ ಇಬ್ಬರಿಗೂ ಅದಕ್ಕಿಂತ ಹೆಚ್ಚಿನ ಅನುಭವವಿತ್ತು, ಹಾಗಾಗಿ ಈ ನಿಯಮದಿಂದ ಏನು ಪ್ರಯೋಜನ ಎಂದು ಕಂಪನಿಗಳು ಇಂದಿಗೂ ಕೇಳುತ್ತವೆ. ಪೈಲಟ್ ಕೊರತೆಗೂ ಅದನ್ನೇ ದೂರುತ್ತವೆ. ಆದರೆ 1,500 ಗಂಟೆ ತುಂಬಿಸಿಕೊಂಡು ಬಂದವರಿಗೆ ಇಪ್ಪತ್ತೆರಡು ಸಾವಿರ ಡಾಲರ್ ಮುಂದಿಟ್ಟರೆ ಯಾರು ಬಂದಾರು?

2022ರ ಏರಿಕೆಯನ್ನು ಇಲ್ಲಿಟ್ಟು ನೋಡಬೇಕು. ಕೋವಿಡ್ ಕಾಲದಲ್ಲಿ ದೊಡ್ಡ ಕಂಪನಿಗಳು ಹಿರಿಯರನ್ನು ಅವಧಿಗೆ ಮುನ್ನವೇ ನಿವೃತ್ತಿಗೆ ಕಳಿಸಿದವು. ಜನ ಮತ್ತೆ ಹಾರತೊಡಗಿದಾಗ ಪ್ರಾದೇಶಿಕ ಕಂಪನಿಗಳ ಪೈಲಟ್‌ಗಳನ್ನು ಬಾಚಿಕೊಂಡವು. ಆ ಮಾರ್ಚ್‌ನಲ್ಲಿ ಸ್ಕೈವೆಸ್ಟ್, ಪೈಲಟ್‌ಗಳಿಲ್ಲವೆಂದು ಸರ್ಕಾರದ ಸಹಾಯಧನದಲ್ಲಿ ಹಾರುತ್ತಿದ್ದ 29 ಸಣ್ಣ ಊರುಗಳ ಸೇವೆ ನಿಲ್ಲಿಸುವ ನೋಟಿಸು ಕೊಟ್ಟಿತು. ಜೂನ್‌ನಲ್ಲಿ ಅಮೆರಿಕನ್‌ನ ಅಂಗಸಂಸ್ಥೆಗಳಾದ ಎನ್ವಾಯ್ ಮತ್ತು ಪೀಡ್‌ಮಾಂಟ್, ಮೊದಲ ವರ್ಷದ ಸಹಪೈಲಟ್‌ಗೆ ಗಂಟೆಗೆ 90 ಡಾಲರ್ ಎಂದು ಘೋಷಿಸಿದವು. ಅದರಲ್ಲೊಂದು ಪಾಲು 2024ರ ಆಗಸ್ಟ್‌ವರೆಗಿನ ತಾತ್ಕಾಲಿಕ ಹೆಚ್ಚಳ ಎಂದೂ ಆಗಲೇ ಹೇಳಿದ್ದವು. ಉಳಿದವರೂ ಹಿಂಬಾಲಿಸಿದರು. ನಾನು ಖುಷಿಪಟ್ಟೆ. ಆದರೆ ಹಿಂದಿನ 25 ಡಾಲರ್‌ನ ಮೂರು ಪಟ್ಟಿಗಿಂತ ಹೆಚ್ಚು ಕೊಡಲು ಹಣ ಎಲ್ಲಿತ್ತೋ ಅಲ್ಲೇ ಹಿಂದೆಯೂ ಇತ್ತು, ದೊಡ್ಡ ಕಂಪನಿಯ ತಿಜೋರಿಯಲ್ಲಿ. ಗುತ್ತಿಗೆಯ ಪದ್ಧತಿ ಹಾಗೇ ಇದೆ. ಸೀನಿಯಾರಿಟಿ ಪಟ್ಟಿಯೂ ಕಂಪನಿಗೊಂದರಂತೆ ಹಾಗೇ ಇದೆ. ಕೊರತೆ ನೀಗಿ ಪೈಲಟ್‌ಗಳು ಸಾಲುಗಟ್ಟಿ ನಿಂತ ದಿನ ಈ ದರ ಹಿಡಿದಿಡುವುದು ಯಾವುದು? ‘ಸರಿಪಡಿಸಿಕೊಂಡಿತು’ ಎಂಬ ನಿಮ್ಮ ಮಾತಿಗೆ ನಾನು ಸಹಿ ಹಾಕದಿರುವುದು ಇದಕ್ಕೆ.

ಅಂಥ ವಿಮಾನ ಹತ್ತಬಾರದೇ ಎಂದರೆ, ಧಾರಾಳವಾಗಿ ಹತ್ತಿ. ಬಫಲೋ ನಂತರ 2025ರ ಜನವರಿವರೆಗೆ ಅಮೆರಿಕದ ಪ್ರಯಾಣಿಕ ಕಂಪನಿಗಳಿಗೆ ಅಂಥ ದೊಡ್ಡ ದುರಂತ ತಟ್ಟಲಿಲ್ಲ. ಆ ಜನವರಿಯಲ್ಲಿ ವಾಷಿಂಗ್ಟನ್ ಬಳಿ ಸೇನೆಯ ಹೆಲಿಕಾಪ್ಟರ್‌ಗೂ ಪಿಎಸ್ಎ ವಿಮಾನಕ್ಕೂ ಡಿಕ್ಕಿಯಾಗಿ 67 ಜನ ಸತ್ತರು. ಪಿಎಸ್ಎ ಪ್ರಾದೇಶಿಕ ಕಂಪನಿಯೇ, ಆದರೆ ಅದನ್ನು ಈ ಚರ್ಚೆಗೆ ಎಳೆದು ತರುವುದು ಅನ್ಯಾಯ. ಯಾರು ಹಾರಿಸುತ್ತಾರೆಂದು ತಿಳಿಯಬೇಕಾದರೆ ಜಾಲತಾಣದಲ್ಲಿ ಟಿಕೆಟ್ ತೋರಿಸುವ ಮೊದಲ ಪುಟದಲ್ಲೇ ಆ ಹೆಸರು ಇರಬೇಕು. ಅದೂ 2010ರ ಕಾನೂನಿನದೇ ಷರತ್ತು. ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿರುತ್ತದೆ, ಕನ್ನಡಕ ಹಾಕಿಕೊಳ್ಳಿ.

ಗಗನಸಖಿಯರ ಸಂಬಳದ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ ಎಂದು ಇನ್ನೊಬ್ಬ ಓದುಗರು ಬರೆದಿದ್ದಾರೆ. ಗಗನಸಖಿಯರ ಲೆಕ್ಕ ಇನ್ನೂ ವಿಚಿತ್ರ: ಜನ ಹತ್ತುವಾಗಿನ ಗದ್ದಲದ ಹೊತ್ತಿಗೆ ಬಹುಪಾಲು ಕಡೆ ಸಂಬಳವೇ ಇರಲಿಲ್ಲ, ಡೆಲ್ಟಾ 2022ರಲ್ಲಿ ಅರ್ಧ ದರ ಕೊಡತೊಡಗಿತು. ಅದನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ.